ದೇವರ ನೀರು ಕುಡಿದ ಜೀಪ್ ಸಾಹೇಬರಿಗೆ

ಮಾನ್ಯರೇ,

ತಮ್ಮ ನಾಲ್ಕೂ ಚಕ್ರಗಳಿಗೆ, ಹಿಂದೆ ನೇತಾಡುವ ಸ್ಟೆಪ್ನಿಯನ್ನೂ ಮರೆಯದೆ, ನನ್ನ ನಮಸ್ಕಾರಗಳು. ನಾನು ಶಿವಲಿಂಗವ್ವ ಗುರುಪುತ್ರಪ್ಪ ಪಾರಿಶ್ವಾಡ. ಮೂಲ ಊರು ಹೆಸರಿನಲ್ಲೇ ಇದೆ, ಈಗಿನ ವಾಸ ಬೆಳಗಾವಿಯ ಅನಗೋಳ. ಹೈಸ್ಕೂಲು ಓದಿದವಳು, ಓಣಿಯ ಅಕ್ಕನ ಬಳಗದ ಅಧ್ಯಕ್ಷೆ, ಮೂವರು ಸೊಸೆಯರ ಅತ್ತೆ. ನಮ್ಮ ಮನೆಯಲ್ಲಿ ನಾನು ಅಡುಗೆಮನೆಗೆ ಬರುವವರೆಗೆ ಕುಕ್ಕರ್ ಕೂಡ ಸೀಟಿ ಹೊಡೆಯಲು ಹಿಂದೆಮುಂದೆ ನೋಡುತ್ತದೆ. ಇಂಥವಳು ಒಂದು ಬಾಡಿಗೆ ಗಾಡಿಗೆ ಎಲ್ಲರೂ ಓದುವಂತೆ ಪತ್ರ ಬರೆಯುವುದೇಕೆಂದು ತಾವು ಕೇಳಬಹುದು. ಖಾಸಗಿಯಾಗಿ ಹೇಳಬೇಕಾದದ್ದನ್ನು ಯಳ್ಳೂರ ಗಡದ ಏರಿನಲ್ಲಿ ತಮ್ಮ ಬಾನೆಟ್ಟಿನ ಮುಂದೆ ನಿಂತು ಹೇಳಿ ಮುಗಿಸಿದ್ದೇನೆ. ಸಭ್ಯ ಭಾಷೆಯಲ್ಲಿ ಹೇಳಬಹುದಾದಷ್ಟು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ತಮಗೆ ತಿಳಿಯದ ಸಂಗತಿಯನ್ನು ಮೊದಲು ತಿಳಿಸುತ್ತೇನೆ. ನನ್ನ ಮೊಣಕಾಲು ನೆಟ್ಟಗಾದರೆ ಅಸೋಗಾದಲ್ಲಿ ಮಲಪ್ರಭೆಯ ನೀರು ತುಂಬಿಕೊಂಡು, ಕೊಡವನ್ನು ಎಲ್ಲಿಯೂ ನೆಲಕ್ಕೆ ಇಡದೆ, ಗಡದ ಕೋಟೆಯೊಳಗಿನ ಸಿದ್ಧೇಶ್ವರನಿಗೆ ಎರೆಯುತ್ತೇನೆಂದು ನಾನು ಬೇಡಿಕೊಂಡಿದ್ದೆ. ಮೊಣಕಾಲು ನೆಟ್ಟಗಾಯಿತು. ಬಳಗದ ಗೆಳತಿಯರೂ ಹೊರಟರು. ಗಂಡಸರು ಬೇಡವೆಂದು ನಾನು ಸಾರಿದಾಗ, ಉದ್ಯಮಬಾಗದ ಫೌಂಡ್ರಿಯಲ್ಲಿ ಆಳುಗಳ ಮೇಲೆ ದರ್ಬಾರು ಮಾಡಿ ನಿವೃತ್ತರಾದ ನಮ್ಮ ಯಜಮಾನರು ಚಹಾದ ಬಸಿ ಕೆಳಗಿಟ್ಟು, "ಖಾನಾಪುರ ದಾಟೂದ್ರಾಗ ನಿನ್ನ ಫೋನ್ ಬರ್ತೈತಿ ನೋಡು" ಎಂದರು. ಮಗ ಓಂಕಾರ ನಕ್ಕ. ನಗಬಾರದಿತ್ತು. ಅಲ್ಲಿಯೇ ಕರಾರಾಯಿತು. ದಾರಿಯಲ್ಲಿ ಸಹಾಯ ಬೇಡಿ ನಮ್ಮ ಕಡೆಯಿಂದ ಒಂದೇ ಒಂದು ಫೋನ್ ಬಂದರೂ ಇನ್ನು ಮುಂದೆ ಹೆಂಗಸರ ಯಾವ ಪ್ರವಾಸಕ್ಕೂ ಮನೆಯ ಒಬ್ಬ ಗಂಡಸು ಕಾವಲಿಗೆ ಬರತಕ್ಕದ್ದು. ತಮ್ಮ ಚಾಲಕ ಬಾಳೇಶನೂ ಗಂಡಸಲ್ಲವೇ ಎಂದು ಓಂಕಾರ ತಕರಾರು ತೆಗೆದ. ಅವನು ಗಾಡಿಯ ಸಾಮಾನಿನಲ್ಲಿ ಒಂದು ಎಂದು ನಾನು ತೀರ್ಪು ಕೊಟ್ಟೆ.

ಹೀಗೆ, ಬೆಳಗಾವಿಯ ಒಂದಿಡೀ ಓಣಿಯ ಹೆಂಗಸರ ಮುಂದಿನ ಪ್ರವಾಸಗಳೆಲ್ಲ ತಮ್ಮ ಇಂಜಿನ್ನಿನ ಮೇಲೆ ನಿಂತಿದ್ದವು. ಆ ಇಂಜಿನ್ನಿನ ಗುಣಗಾನ ಮಾಡಲು ನನ್ನ ಹೈಸ್ಕೂಲ್ ಕನ್ನಡ ಸಾಲದು.

ತಮ್ಮ ದೈವಭಕ್ತಿಯನ್ನೇ ನೋಡಿ. ಕಪಿಲೇಶ್ವರನ ದರ್ಶನಕ್ಕೆಂದು ನಾವು ಇಳಿದರೆ ತಾವು ಅಲ್ಲಿಯೇ ಧ್ಯಾನಕ್ಕೆ ಕುಳಿತಿರಿ. ತಳ್ಳಿದ ಮೇಲೆ ಎದ್ದಿರಿ. ಮುಂದೆ ದಾರಿಬದಿಯ ಪ್ರತಿ ಮಾರುತಿಯ ಮುಂದೆಯೂ ನಿಂತಿರಿ. ಬರೀ ದೇಣಿಗೆಯ ಬೋರ್ಡು ಇದ್ದು ಗುಡಿಯನ್ನು ಇನ್ನೂ ಕಟ್ಟದ ಜಾಗದಲ್ಲಿಯೂ ನಿಂತಿರಿ. ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ತಮ್ಮನ್ನು ತಳ್ಳುತ್ತ ನಾವು ಖಾನಾಪುರದ ಪೇಟೆಯನ್ನು ಪ್ರವೇಶಿಸಿದಾಗ ಒಬ್ಬ ಹಿರಿಯರು ಮರಾಠಿಯಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಕೈಹಚ್ಚಲೇ ಎಂದು ಕೇಳಿದರು. ಎರಡೂ ಭಾಷೆಗಳಲ್ಲಿ ಬೇಡವೆಂದೆ. ಆದರೆ ಖಾನಾಪುರ ದಾಟಿದೆವು, ಫೋನ್ ಮಾಡಲಿಲ್ಲ. ಆ ಸಂತೋಷಕ್ಕೆ ನಾಗರತ್ನಾ ಎಲ್ಲರಿಗೂ ಶೇಂಗಾ ಹೋಳಿಗೆ ಹಂಚಿದಳು.

ಈ ನಾಗರತ್ನಾ ನಮ್ಮ ಬಳಗದ ಖಜಾಂಚಿ, ಬಹಳ ಅಂಜುವ ಸ್ವಭಾವದವಳು. ಹಲಸಿಯ ದೊಡ್ಡ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ಇರುವುದು ತಮಗೂ ಗೊತ್ತಿರಬೇಕು, ಹೊರಗೆ ನಿಂತು ಕೆಮ್ಮುತ್ತಿದ್ದಿರಲ್ಲ. ಒಬ್ಬ ದೇವರಿಗೆ ಕೈಮುಗಿದರೆ ಇನ್ನೊಬ್ಬನಿಗೆ ಬೆನ್ನು ತೋರಿಸಿದಂತಾಗುತ್ತದೆಂದು ಹೆದರಿ ಆಕೆ ಅಡ್ಡಡ್ಡಲಾಗಿ, ಏಡಿಯ ಹಾಗೆ, ಕಂಬ ಕಂಬಕ್ಕೆ ಢಿಕ್ಕಿ ಹೊಡೆಯುತ್ತ ಹೊರಗೆ ಬಂದಳು. ನಾವು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಗುಡಿಯಲ್ಲಿ ನಗಬಾರದೆಂದು ಗದರಿಸಬೇಕಾದ ಅಧ್ಯಕ್ಷೆಯೇ ಕಂಬ ಹಿಡಿದು ಕುಳಿತುಬಿಟ್ಟಿದ್ದಳು.

ಅಸೋಗಾದಲ್ಲಿ ತಾಮ್ರದ ಕೊಡ ತುಂಬಿಸಿದೆ. ಅಲ್ಲಿಂದ ಅದು ನನ್ನ ತೊಡೆಯ ಮೇಲೆಯೇ ಇತ್ತು. ತಮ್ಮನ್ನು ತಳ್ಳುವಾಗ ಸೊಂಟಕ್ಕೆ ಏರುತ್ತಿತ್ತು. ಒಂದು ಕೈಯಲ್ಲಿ ದೇವರ ನೀರು, ಇನ್ನೊಂದು ಕೈಯಲ್ಲಿ ತಮ್ಮ ಹಿಂಭಾಗ. ಇಂಥ ಸೇವೆಯನ್ನು ನಾನು ಕೈಹಿಡಿದ ಗಂಡನಿಗೂ ಮಾಡಿಲ್ಲ.

ಆಮೇಲೆ ಗಡದ ಏರು ಬಂತು. ಕೋಟೆಯ ಗೋಡೆ ಮೇಲೆ ಕಾಣುತ್ತಿತ್ತು. ಶಿವರಾತ್ರಿ ಮುಗಿದ ಬಿಸಿಲು, ಸುತ್ತ ಒಂದು ಮನೆಯಿಲ್ಲ. ತಾವು ಮೂಗಿನಿಂದ ಹಬೆ ಬಿಟ್ಟು, ಧೂಪ ಹಾಕಿದವರಂತೆ ಸುತ್ತೆಲ್ಲ ಮಸುಕು ಮಾಡಿ ನಿಂತಿರಿ. ಈ ಸಲ ತಳ್ಳಿದರೆ ಹಿಂದಕ್ಕೇ ಬರುತ್ತಿದ್ದಿರಿ. ಬಾಳೇಶನ ಡಬ್ಬಿಯ ನೀರನ್ನು ತಾವು ಅಸೋಗಾ ಬಿಟ್ಟ ದಾರಿಯಲ್ಲಿಯೇ ಕುಡಿದಿದ್ದಿರಿ. ನಮ್ಮ ಬಾಟಲಿಗಳನ್ನು ನಾವು ಉಸುಳಿಯ ಖಾರಕ್ಕೆ ಖಾಲಿ ಮಾಡಿದ್ದೆವು. ಬಾಳೇಶ ತಮಗೆ ನೀರು ಬೇಕೆಂದು ಹೇಳಿ, ನನ್ನ ಕೊಡವನ್ನು ನೋಡಿ, ನನ್ನ ಮುಖವನ್ನು ನೋಡಿ, ಕೊನೆಗೆ ಆಕಾಶವನ್ನು ನೋಡತೊಡಗಿದ. ನಾಗರತ್ನಾಳ ಕೈಗೆ ಫೋನ್ ಬಂದಿತ್ತು, ಅದರ ಮೇಲೆ ಅವಳ ಗಂಡನ ಫೋಟೋವೂ ಮೂಡಿತ್ತು. ಬೆರಳು ಒತ್ತುವುದೊಂದು ಬಾಕಿ. ಹರಕೆ ಉಳಿಸಿಕೊಂಡರೆ ಕರಾರು ಸೋಲುತ್ತೇವೆ, ಕರಾರು ಗೆದ್ದರೆ ಹರಕೆ ಹೋಗುತ್ತದೆ. ಅಧ್ಯಕ್ಷೆ ಕೊಡವನ್ನು ಎಡಸೊಂಟದಿಂದ ಬಲಸೊಂಟಕ್ಕೆ, ಬಲಸೊಂಟದಿಂದ ಎಡಸೊಂಟಕ್ಕೆ ಬದಲಿಸುತ್ತ ನಿಂತಳು.

ಆಗ ರೇಣವ್ವ ಬಾಯಿ ತೆರೆದಳು. ಕುರಿ ಕಾಯ್ದ ಮನೆತನದವಳು, ಬಳಗದಲ್ಲಿ ನನಗೆ ಎದುರಾಡುವ ಒಬ್ಬಳೇ ಹೆಂಗಸು. "ಯಕ್ಕಾ, ನೀರಡಿಸಿದ ದನದ ಮುಂದ ನಿಂತು ಇದು ದೇವರ ಕೊಡಾ ಅಂತ ಹೇಳಾಕ ಬರ್ತೈತೇನು? ದೇವರಿಗೆ ಎರದ್ರ ನೀರು ಗಟಾರಕ್ಕ ಹೋಗ್ತೈತಿ. ಇದಕ್ಕ ಎರದ್ರ ನಾವು ದೇವರ ಕಡೆ ಹೋಗ್ತೀವಿ" ಎಂದಳು.

ನಾನು ಫೋನನ್ನು ನಾಗರತ್ನಾಳ ಕೈಯಿಂದ ಕಿತ್ತು ನನ್ನ ಚೀಲಕ್ಕೆ ಹಾಕಿದೆ. ತಮ್ಮ ಮೈ ಆರುವವರೆಗೆ ಕಾದು, ಬಾಳೇಶ ಅರಿವೆ ಹಿಡಿದು ಮುಚ್ಚಳ ತೆರೆದ ಮೇಲೆ, ನನ್ನ ಕೈಯಾರೆ ಎರೆದೆ. ನೀರು ಎರೆಯುವುದನ್ನು ಕಂಡರೆ ನಮ್ಮ ಹೆಂಗಸರಿಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಒಬ್ಬಳು ಮಂಗಳಾರತಿ ಹಾಡು ಎತ್ತಿದಳು, ಇನ್ನೊಬ್ಬಳು ತಮ್ಮ ಹಣೆಗೆ ವಿಭೂತಿ ಎಳೆದಳು, ರೇಣವ್ವ ಸೊಂಟದ ಚೀಲ ಬಿಚ್ಚಿ ಮುಷ್ಟಿ ಅರಿಸಿನದ ಭಂಡಾರ ತೂರಿದಳು. ಬಾಳೇಶ ಕೀಲಿ ತಿರುವಿದ. ತಾವು ಗರ್ಜಿಸಿದಿರಿ. "ಹರಹರ ಮಹಾದೇವ" ಎಂದು ನಾವು ಕೂಗಿದ ಕೂಗಿಗೆ ಮೇಲೆ ಕೋಟೆಯ ಗೋಡೆಯಿಂದ ಜನ ಬಗ್ಗಿ ನೋಡಿದರು. ಹಳದಿ ಮೋರೆಯ ಜೀಪೊಂದು ಹಾಡು ಹೇಳುವ ಹೆಂಗಸರನ್ನು ತುಂಬಿಕೊಂಡು ಬರುವುದನ್ನು ಆ ಗಡ ಯಾವ ಕಾಲದಲ್ಲಿಯೂ ಕಂಡಿರಲಿಕ್ಕಿಲ್ಲ.

ಸಿದ್ಧೇಶ್ವರನ ಮುಂದೆ ಖಾಲಿ ಕೊಡ ಹಿಡಿದು ನಿಂತೆ. ಗಡದ ಮೇಲೆ ಸಿಕ್ಕ ನೀರನ್ನು ಎರೆದು, ನಿನ್ನ ಪಾಲಿನ ಹೊಳೆನೀರು ಹೊರಗೆ ಜೀಪಿನ ಹೊಟ್ಟೆಯಲ್ಲಿದೆ, ಅಲ್ಲಿಯೇ ಸ್ವೀಕರಿಸಬೇಕೆಂದು ಕೇಳಿಕೊಂಡೆ. ಆತ ಬೇಡವೆಂದಿಲ್ಲ.

ಆದ್ದರಿಂದ ಈಗ ಜವಾಬ್ದಾರಿ ತಮ್ಮದು. ದೇವರಿಗೆ ಸಲ್ಲಬೇಕಾದ ಅಭಿಷೇಕವನ್ನು ತಾವು ಪಡೆದಿದ್ದೀರಿ. ದೇವರ ಕೆಲಸವನ್ನೂ ಮಾಡಿಕೊಡಬೇಕು. ನಾಗರತ್ನಾಳ ಧೈರ್ಯಕ್ಕೆ ತಾವೇ ಏನಾದರೂ ಮಾಡಬೇಕು. ನನ್ನ ಇನ್ನೊಂದು ಮೊಣಕಾಲನ್ನೂ ನೋಡಿಕೊಳ್ಳಬೇಕು. ಅನಗೋಳದ ಸಿಟಿ ಬಸ್ಸು ಸ್ಟಾಪಿನಲ್ಲಿಯೇ ನಿಲ್ಲುವಂತೆ ಅದಕ್ಕೆ ಬುದ್ಧಿ ಕೊಡಬೇಕು. ನಿಲ್ಲುವ ವಿದ್ಯೆಯಲ್ಲಿ ತಮಗಿಂತ ದೊಡ್ಡ ಗುರು ಅದಕ್ಕೆ ಸಿಗಲಾರರು. ಸೋಮವಾರ ಡೀಸೆಲ್ ಬಿಟ್ಟು ಉಪವಾಸ ಮಾಡಿ, ಆದರೂ ಓಡಬೇಕು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಯಜಮಾನರು ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ. ನನ್ನ ಸೀರೆಯ ಭಂಡಾರ, ಕೈಯ ಮಸಿ, ತಮ್ಮ ಹಣೆಯ ವಿಭೂತಿ ಎಲ್ಲವನ್ನೂ ನೋಡಿದರು. ಫೋನನ್ನು ಕಿಸೆಗೆ ಹಾಕಿಕೊಂಡು, "ಮುಂದಿನ ಸಲ ನಾವೂ ಬರೂಣೇನು?" ಎಂದು ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ಅಪ್ಪಣೆ ಕೇಳಿದ್ದು ಅದೇ ಮೊದಲು.

ನಾನು ನಿರ್ಧರಿಸಿದ್ದೇನೆ. ಇನ್ನು ಮುಂದೆ ಹೆಂಗಸರ ಪ್ರವಾಸಕ್ಕೆ ತಳ್ಳಲು ಬೇಕಾಗುವಷ್ಟು ಗಂಡಸರನ್ನು ಕರೆದೊಯ್ಯಬಹುದು. ಆದರೆ ದಾರಿಯಲ್ಲಿ ಅವರು ಯಾರಿಗೂ ಫೋನ್ ಮಾಡತಕ್ಕದ್ದಲ್ಲ. ಇಂದು ನಸುಕಿಗೆ ತಾವು ಬಾಗಿಲಿಗೆ ಬಂದಿರಿ. ಕಕ್ಕೇರಿಯ ದೇವಿಯ ದರ್ಶನಕ್ಕೆ ಹೊರಟಿದ್ದೇವೆ. ಅಪ್ಪ ಮಗ ಇಬ್ಬರನ್ನೂ ಹಿಂದೆ ಕೂರಿಸಿ, ಅವರ ಫೋನ್‌ಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಮುಂದಿನ ಸೀಟಿನಲ್ಲಿ ಕುಳಿತೇ ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ.

ತಮ್ಮನ್ನು ಹಿಂದಿನಿಂದ ಕಂಡೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಶಿವಲಿಂಗವ್ವ ಗುರುಪುತ್ರಪ್ಪ ಪಾರಿಶ್ವಾಡ

ತಾ.ಕ.: ತಮ್ಮ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲವೆಂದು ಬಾಳೇಶ ಈಗಷ್ಟೇ ಕ್ಷಮೆ ಕೇಳಿದ. ದಯವಿಟ್ಟು ಅದನ್ನು ರಿಪೇರಿ ಮಾಡಿಸಿಕೊಳ್ಳಬೇಡಿ.