ಚಾಚಾ ಎಣಿಸುತ್ತಿದ್ದ ಹುಳುಗಳು

ನಮ್ಮ ಚಾಳಿನ ಚಾಚಾನಂಥ ಪುಕ್ಕಲು ಮನುಷ್ಯ ಇಡೀ ಮುಂಬಯಿಯಲ್ಲಿ ಇನ್ನೊಬ್ಬ ಸಿಗಲಾರ. ಮೂವತ್ತು ವರ್ಷ ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ಓಡಾಡಿದವರು, ಅದಕ್ಕೆಲ್ಲ ಹೆದರಿದವರಲ್ಲ. ಅವರು ಹೆದರುವುದು ಸಾಸಿವೆ ಕಾಳಿಗಿಂತ ಚಿಕ್ಕದಾದ ಬಿಳಿ ನೊಣಕ್ಕೆ!

ಚಾಚಾ ವಿಜಯಪುರದ ಕಡೆಯ ಟೇಲರ್. ನಾನು ಉಡುಪಿಯ ಕಡೆಯವಳು, ಒಂಟಿ, ಶಾಲೆಯ ಟೀಚರ್. ಜೋಗೇಶ್ವರಿಯ ಚಾಳಿನಲ್ಲಿ ಅಕ್ಕಪಕ್ಕದ ಖೋಲಿ ನಮ್ಮದು. ಮುಂದಿನ ಗ್ಯಾಲರಿಯಲ್ಲಿ ಅವರ ಮೆಣಸಿನ ಗಿಡ, ನನ್ನ ಬಸಳೆ, ತುಳಸಿ.

ಒಂದು ವರ್ಷ ಬಿಳಿ ನೊಣ ಮುತ್ತಿ ಅವರ ಮೆಣಸಿನ ಗಿಡಗಳೆಲ್ಲ ಮುರುಟಿಹೋದವು. ಅಂದಿನಿಂದ ಅವರ ಗಿಡಗಳಿಗೂ ನನ್ನ ಗಿಡಗಳಿಗೂ ಹಳದಿ ಅಂಟುಹಾಳೆಗಳು ಬಂದವು. ಗಿಡದ ತುದಿಯ ಎತ್ತರಕ್ಕೆ ತೂಗುಹಾಕಿದರೆ ಹಳದಿಗೆ ಮರುಳಾದ ಹುಳುಗಳು ಬಂದು ಅಂಟಿಕೊಳ್ಳುತ್ತವೆ. ಎಷ್ಟು ಅಂಟಿವೆ ಎಂದು ಎಣಿಸಿದರೆ ಪಿಡುಗು ಹೆಚ್ಚುವ ಮೊದಲೇ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಎಣಿಸಿದರೆ ಸಾಕಂತೆ. ಚಾಚಾ ದಿನಕ್ಕೆ ಮೂರು ಸಲ ಎಣಿಸುತ್ತಿದ್ದರು, ಭೂತಗನ್ನಡಿ ಹಿಡಿದು!

ಒಮ್ಮೆ ಕ್ಲಾಸಿನ ಮಧ್ಯೆ ಅವರ ಫೋನ್ ಬಂತು. ಬೇಗ ಬರಬೇಕಂತೆ. ಯಾರೋ ಹೋಗಿಬಿಟ್ಟರೆಂದು ಕ್ಲಾಸು ಬಿಟ್ಟು ರಿಕ್ಷಾ ಹಿಡಿದು ಬಂದರೆ, ನನ್ನ ತುಳಸಿಯ ಹಾಳೆಯಲ್ಲಿ ಇಪ್ಪತ್ತೊಂದು ಕರಿನುಸಿ! ನಾನು ನೀರು ಜಾಸ್ತಿ ಹಾಕಿ ಮಣ್ಣು ಕೊಳೆಸಿದ್ದರಿಂದಲೇ ಅವು ಹುಟ್ಟಿವೆ ಎಂಬುದು ಅವರ ದೂರು. ಇನ್ನೊಮ್ಮೆ ಬಗ್ಗಿ ಎಣಿಸುವಾಗ ಹಾಳೆ ಅವರ ಗಡ್ಡಕ್ಕೇ ಅಂಟಿತು. ಬಟ್ಟೆಯ ಕತ್ತರಿಯಿಂದಲೇ ಬಿಡಿಸಿಕೊಂಡರು. ಒಂದು ವಾರ ಅವರ ಮುಖ ಟ್ರಯಲ್ಲಿಗೆಂದು ಅರ್ಧ ಹೊಲಿದಿಟ್ಟ ಅಂಗಿಯಂತಿತ್ತು.

ನಗುತ್ತಿದ್ದೆ ನಿಜ. ಆದರೆ ಹೆದರಿಕೆಯೂ ನೆಗಡಿಯ ಹಾಗೆ, ಪಕ್ಕದವರಿಗೆ ಹತ್ತುತ್ತದೆ. ಕೊತ್ತಂಬರಿ ಸೊಪ್ಪನ್ನೂ ನಾನು ಬೆಳಕಿಗೆ ಹಿಡಿದು ನೋಡತೊಡಗಿದ್ದೆ.

ಮಳೆಗಾಲದ ಒಂದು ಮಧ್ಯಾಹ್ನ ಚಾಚಾ ನನ್ನ ಬಸಳೆಯ ಹಾಳೆಯ ಮುಂದೆ ಬಿಳಿಚಿಕೊಂಡು ನಿಂತಿದ್ದರು. ಅಂಟಿದ್ದದ್ದು ಒಂದೇ ಒಂದು. ಕಪ್ಪು ಕಾಲುಗಳ ಮೇಲೆ ಬಿಳಿ ಪಟ್ಟೆ.

"ಇದು ಗಿಡದ ಹುಳ ಅಲ್ರಿ ಅಕ್ಕಾರ," ಅಂದರು. ಟೀಚರನ್ನು ಅವರ ಕಡೆ ಹಾಗೆಯೇ ಕರೆಯುವುದು. "ಡೆಂಗಿ ಸೊಳ್ಳಿ ಐತಿ."

ಹೇಳುತ್ತಲೇ ನನ್ನ ಕುಂಡಗಳ ಕೆಳಗಿನ ತಟ್ಟೆಗಳ ನೀರನ್ನೆಲ್ಲ ಮೋರಿಗೆ ಚೆಲ್ಲಿದರು. ನನಗೆ ರೇಗಿತು. ನಿಮ್ಮ ಹೆದರಿಕೆ ನಿಮ್ಮ ಕುಂಡಕ್ಕೇ ಇರಲಿ ಎಂದು ಸಿಡುಕಿ, ಅವರ ಕಣ್ಣೆದುರೇ ತಟ್ಟೆಗಳಿಗೆ ಮತ್ತೆ ನೀರು ತುಂಬಿದೆ. ಅವರು ಒಳಗೆ ಹೋದರು.

ಎರಡು ವಾರಕ್ಕೆ ನನಗೆ ಜ್ವರ ಬಂತು. ಮೂಳೆ ಮೂಳೆ ಮುರಿದಂಥ ನೋವು. ಚಾಚಾನೇ ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿದರು. ಡೆಂಗಿಯೇ ಆಗಿತ್ತು. ಪ್ಲೇಟ್ಲೆಟ್ ದಿನದಿನಕ್ಕೆ ಇಳಿಯಿತು. ಡಾಕ್ಟರು ರಿಪೋರ್ಟನ್ನು ಎರಡೆರಡು ಸಲ ನೋಡಿದರು. ಇಷ್ಟು ಸಣ್ಣ ಸೊಳ್ಳೆಯಿಂದ ಸಾಯುತ್ತೇನೆಯೇ? ಕಣ್ಣು ಮುಚ್ಚಲೂ ಭಯವಾಗುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಪ್ಲೇಟ್ಲೆಟ್ ಏರಿದೆ ಎಂದರು. ಚಾಚಾ ಬಂದು ಸ್ಟೂಲಿನ ಮೇಲೆ ಕೂತರು. 'ನಾನು ಹೇಳಿರಲಿಲ್ಲವೇ' ಎಂಬ ಮಾತಿಗಾಗಿ ಕಾದೆ. ಅದು ಬರಲೇ ಇಲ್ಲ.

"ನಿಮ್ಮ ಮಾತು ಕೇಳಬೇಕಿತ್ತು ಚಾಚಾ," ಎಂದೆ.

"ಇರಲಿ ಬಿಡವಾ. ನನಗ ಭಾಳ ಅಂಜಿಕಿ ಬಂದಿತ್ತು," ಎಂದರು. ನನ್ನ ಹೊದಿಕೆಯನ್ನು ಸರಿಪಡಿಸತೊಡಗಿದರು. ಅದರ ಅಂಚು ಬಿಚ್ಚಿಹೋಗಿತ್ತು. ಜೇಬಿನಿಂದ ಸೂಜಿ, ದಾರ ತೆಗೆದರು. ಎಷ್ಟು ಸಲ ಯತ್ನಿಸಿದರೂ ದಾರ ಸೂಜಿಯ ಕಣ್ಣಿಗೆ ಸೇರಲಿಲ್ಲ.

ಸಲೈನಿನ ಕೊಳವೆ ಇಲ್ಲದ ಕೈಗೆ ಸೂಜಿ ತೆಗೆದುಕೊಂಡೆ. ಅವರು ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ ಮುಂದೆ ಹಿಡಿದರು.