ಕಾಲೇಜಿನ ಹಲ್ಲು ನೋಡಿದ ಅಜ್ಜಿ

ಹತ್ತನೇ ಕ್ಲಾಸಿನ ರಿಸಲ್ಟು ಬಂದ ಮೇಲೆ ಮೇಡಮ್ಮುಗಳಿಗೆ ಆರಾಮ ಅಂತ ಹೇಳೋರು ಒಂದು ಸಲ ನನ್ನ ಜೊತೆ ಮೇ ತಿಂಗಳ ಬಿಸಿಲಲ್ಲಿ ಬರಬೇಕು. ನಾನು ಆಂಧ್ರದ ಗಡಿಯಲ್ಲಿ, ಸೆಟ್ಟೂರು ಹತ್ತಿರದ ಹೈಸ್ಕೂಲಲ್ಲಿ ಲೆಕ್ಕ ಕಲಿಸೋಳು. ಊರು ಹಿಂದೂಪುರ, ಬಾಡಿಗೆ ರೂಮು ಕಲ್ಯಾಣದುರ್ಗ, ಕೋಪ ಮೂಗಿನ ತುದಿಯಲ್ಲಿ. ಪಾಸಾದ ಮಕ್ಕಳನ್ನ ಕಾಲೇಜಿಗೆ ಸೇರಿಸ್ರಪ್ಪಾ ಅಂತ ವರ್ಷಾ ವರ್ಷಾ ಮನೆಮನೆ ತಿರುಗ್ತೀನಿ. ಬುದ್ಧಿ ಹೇಳಿ ಬರೋಣ ಅಂತ ಹೋಗಿ ಹೇಳಿಸಿಕೊಂಡು ಬರೋದು ನನಗೆ ಹೊಸದಲ್ಲ. ಆದರೆ ಈ ಅಜ್ಜಿಯ ಹತ್ತಿರ ಹೇಳಿಸಿಕೊಂಡಷ್ಟು ಇನ್ಯಾರ ಹತ್ತಿರವೂ ಹೇಳಿಸಿಕೊಂಡಿಲ್ಲ.

ದೊಡ್ಡಿ ಚೆನ್ನಾಗೈತೆ

ನಮ್ಮ ಸ್ಕೂಲಿಗೇ ಫಸ್ಟು ಬಂದ ಹುಡುಗಿ ಕುರಿ ಸಾಕೋರ ಮನೆಯವಳು. ಅವಳಿಗೆ ದನದ ಡಾಕ್ಟ್ರು ಆಗಬೇಕು, ಅದಕ್ಕೆ ಇಂಟರ್‌ನಲ್ಲಿ, ಅಂದರೆ ಪಿಯುಸಿಯಲ್ಲಿ, ಜೀವಶಾಸ್ತ್ರ ಇರೋ ಬೈಪಿಸಿ ಓದಬೇಕು. ಹಿಂದೂಪುರದ ಒಂದು ಹೆಣ್ಣುಮಕ್ಕಳ ಕಾಲೇಜಲ್ಲಿ ಹಾಸ್ಟೆಲ್ ಸಮೇತ ಸೀಟು ಸಿಗುವ ಹಾಗಿತ್ತು. ಅಪ್ಪ ಅಮ್ಮ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಒಲೆ ಕೂಡ ಹತ್ತೋದಿಲ್ಲ.

ನಾನು ಕಾಲೇಜಿನ ಬಣ್ಣದ ಪುಸ್ತಕ ತೆಗೆದು ಮೂರಂತಸ್ತಿನ ಕಟ್ಟಡದ ಫೋಟೋ ತೋರಿಸಿದೆ. ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿತು.

"ಮಕ್ಕಳೇ ಇಲ್ವಲ್ಲ ಇದ್ರಾಗೆ?"

"ಕಟ್ಟಡ ನೋಡಜ್ಜೀ, ಎಷ್ಟು ಚೆನ್ನಾಗಿದೆ!"

"ದೊಡ್ಡಿ ಚೆನ್ನಾಗೈತೆ ಕಣಮ್ಮ. ದೊಡ್ಡಿ ನೋಡ್ಬುಟ್ಟು ಯಾರಾನಾ ಕುರಿ ತಗೋತಾರಾ? ಸಂತೆನಾಗೆ ಒಂದು ಮರಿ ತಗೊಂಡ್ರೂ ಹಲ್ಲು ಬಿಡಿಸಿ ನೋಡ್ತೀವಿ. ನೋಡ್ದಂಗೆ ಮೊಮ್ಮಗಳನ್ನ ಕೊಡಾಕಾಯ್ತದಾ? ನಡಿ, ನಾನೇ ಬತ್ತೀನಿ."

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ನನ್ನ ಮುಖ ನೋಡಿದಳು. ನಾನು ಪುಸ್ತಕ ಚೀಲಕ್ಕೆ ಹಾಕಿಕೊಂಡೆ.

ಲೆಕ್ಕದ ಮೇಡಂಗೆ ಪಾಠ

ಅಂದು ಸಂಜೆ ಬಸ್ಸಿಗೆ ಹೊತ್ತಿದೆ ಅಂತ ಅಲ್ಲೇ ಜಗಲಿ ಮೇಲೆ ಕೂತಿದ್ದೆ. ಹುಡುಗಿಯ ಅಪ್ಪ ಕುರಿ ಹೊಡೆದುಕೊಂಡು ಬಂದ. ಇನ್ನೂರರ ಹತ್ತಿರ ಕುರಿ, ಧೂಳೋ ಧೂಳು. ಅಜ್ಜಿ ಎಲೆ ಅಡಿಕೆ ಹಾಕ್ಕೊಂತಾ ಸುಮ್ಮನೆ ಕೂತಿತ್ತು. ಕೊನೆಯ ಕುರಿ ಒಳಗೆ ಹೋಗಿದ್ದೇ ತಡ, "ಆ ಕಿವಿ ಹರಿದಿರೋಳು ಎಲ್ಲೋದ್ಲು?" ಅಂತು.

ಅಪ್ಪ ಬ್ಯಾಟರಿ ಹಿಡಿದು ಓಡಿದ. ಹಳ್ಳದ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಕಿವಿ ಹರಿದ ಕುರೀನ ಹೆಗಲ ಮೇಲೆ ಹೊತ್ತು ತಂದ.

ನಾನು ಕೇಳಿದೆ. "ಅಜ್ಜೀ, ನೀನು ಎಣಿಸಿದ್ದು ಯಾವಾಗ?"

"ಎಣಿಸ್ದೋರು ಎಷ್ಟು ಹೋದೋ ಅಂತಾರೆ ಕಣಮ್ಮ. ಗುರ್ತಿರೋರು ಯಾವುದು ಹೋಯ್ತು ಅಂತಾರೆ."

ಹದಿನಾರು ವರ್ಷದಿಂದ ಮಕ್ಕಳನ್ನ ರೋಲ್ ನಂಬರಿಂದ ಕೂಗ್ತಿರೋ ನಾನು ಬಸ್ ಬಂತೇನೋ ನೋಡ್ತೀನಿ ಅಂತ ಎದ್ದುಬಿಟ್ಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಇಂಟರ್ವ್ಯೂ

ಕಲ್ಯಾಣದುರ್ಗದಲ್ಲಿ ಬಸ್ ಬದಲಾಯಿಸಿ ಮೂವರೂ ಹಿಂದೂಪುರಕ್ಕೆ ಹೋದೆವು. ಹುಡುಗಿಗೆ ಇಂಗ್ಲಿಷಲ್ಲಿ ಹೆಸರು, ಊರು, ಮಾರ್ಕ್ಸು ಹೇಳೋದನ್ನ ದಾರಿಯುದ್ದಕ್ಕೂ ಉರು ಹೊಡೆಸಿದ್ದೆ. ಅವಳನ್ನ ಯಾರೂ ಏನೂ ಕೇಳಲಿಲ್ಲ. ಪರೀಕ್ಷೆಗೆ ಕೂತಿದ್ದು ಪ್ರಿನ್ಸಿಪಾಲ್ ಮೇಡಂ.

ಅಜ್ಜಿ ಮೊದಲು ನೀರಿನ ಟ್ಯಾಂಕಿಗೆ ಹೋಗಿ ಬೊಗಸೆಯಲ್ಲಿ ಕುಡಿದು ನೋಡಿತು. ಅಡುಗೆಮನೆಗೆ ನುಗ್ಗಿ ಅನ್ನ ಹಿಸುಕಿ ನೋಡಿತು. ಕಾಂಪೌಂಡು ಸುತ್ತಿ ಬಂದು "ಹಿಂದ್ಗಡೆ ನಾಯಿ ನುಗ್ಗೋಷ್ಟು ಸಂದು ಐತೆ, ಮುಚ್ಚಿಸು" ಅಂತ ಪ್ರಿನ್ಸಿಪಾಲರಿಗೇ ಹೇಳಿತು. ಆಮೇಲೆ ಕುರ್ಚಿ ಬೇಡ ಅಂತ ನೆಲದ ಮೇಲೆ ಕೂತು ಕೇಳಿತು.

"ಎಷ್ಟು ಮಕ್ಕಳವ್ವಾ?"

"ನಾಲ್ಕು ನೂರು."

"ಎಲ್ಲಾರ ಗುರ್ತೂ ಐತಾ?"

ಮೇಡಂ ನಕ್ಕರು. "ಅಯ್ಯೋ, ಅದೆಲ್ಲಾ ಸಾಧ್ಯವಾ ಅಜ್ಜೀ? ರಿಜಿಸ್ಟರ್ ಇದೆಯಲ್ಲ."

"ನಂತಾವ ಇನ್ನೂರು ಕುರಿ ಅದಾವೆ. ರಿಜಿಸ್ಟ್ರು ಇಲ್ಲ."

ಪಕ್ಕದಲ್ಲಿದ್ದ ಗುಮಾಸ್ತ "ಕುರಿ ಕೇಳಿ ಮಸಾಲೆ ಅರೀತಾರಾ?" ಅಂತ ಗೊಣಗಿದ. ಅಜ್ಜಿಯ ಕಿವಿ ಬಲು ಚುರುಕು. "ಕುರೀನ ಕೇಳ್ಬ್ಯಾಡಪ್ಪ, ಸಾಕಿದೋರನ್ನ ಕೇಳು" ಅಂದು ಪ್ರಿನ್ಸಿಪಾಲರ ಕಡೆ ತಿರುಗಿತು.

"ಒಂದು ತಿಂಗ್ಳು ಬಿಟ್ಟಿರ್ತೀನಿ. ಆಮ್ಯಾಕೆ ಬತ್ತೀನಿ. ಎಲ್ಲಾ ಮಕ್ಕಳನ್ನೂ ನಿಲ್ಲಿಸಿ, ಬೆನ್ನು ತಿರುಗಿಸಿ, ನನ್ನ ಮೊಮ್ಮಗಳು ಯಾವುದು ಅಂತ ನೀನು ತೋರಿಸ್ಬೇಕು. ತೋರಿಸಿದ್ರೆ ಓದ್ಲಿ. ಇಲ್ಲಾಂದ್ರೆ ಅವತ್ತೇ ಕರ್ಕೊಂಡು ಹೋಯ್ತೀನಿ."

ಮೇಡಂ ತಮಾಷೆ ಅಂದುಕೊಂಡು "ಸರೇ ಅವ್ವಾ" ಅಂದುಬಿಟ್ಟರು. ತಮಾಷೆ ಅಲ್ಲ ಅಂತ ಆ ರೂಮಲ್ಲಿ ಗೊತ್ತಿದ್ದಿದ್ದು ನನಗೆ, ಹುಡುಗಿಗೆ ಇಬ್ಬರಿಗೇ. ಅವಳು ಇಂಗ್ಲಿಷು ಮರೆತು ನನ್ನ ಸೆರಗು ಹಿಡಿದುಕೊಂಡಿದ್ದಳು.

ಕೋಲು

ಸೇರಿಸೋ ದಿನ ಹಾಸ್ಟೆಲಿನವರ ಪಟ್ಟಿಯಂತೆ ಟ್ರಂಕು, ಬಕೆಟ್ಟು, ಬೀಗ ಎಲ್ಲಾ ತಂದಿದ್ದರು. ಪಟ್ಟಿಯಲ್ಲಿ ಇಲ್ಲದ್ದು ಒಂದಿತ್ತು. ಹುಡುಗಿಯ ಕೈಯಲ್ಲಿ ಕುರಿ ಕಾಯೋ ಕೋಲು. ಚಿಕ್ಕಂದಿನಿಂದ ಕೈಯಲ್ಲಿ ಹಿಡಿದು ಅಭ್ಯಾಸ.

ಗೇಟಿನ ವಾಚ್‌ಮನ್ ತಡೆದ. "ಕರ್ರ ಲೋಪಲಿಕಿ ವದ್ದಮ್ಮಾ." ಕೋಲು ಒಳಗೆ ಬೇಡ.

ಅಜ್ಜಿ ಅವನನ್ನ ಮೇಲಿಂದ ಕೆಳಗೆ ನೋಡಿತು. ಕೋಲು ತಗೊಂಡು ಅವನ ಕೈಗೇ ಕೊಟ್ಟಿತು. "ಹಂಗಾದ್ರೆ ನೀನೇ ಇಟ್ಕೋ. ಬರೀ ಕೈಯಾಗೆ ಅದೇನು ಕಾವ್ಲು ಕಾಯ್ತೀಯಪ್ಪಾ, ನೋಡಾಕೇ ಬೇಜಾರು."

ಮೊಮ್ಮಗಳು ಒಳಗೆ ಹೋಗೋವರೆಗೂ ಅಜ್ಜಿ ಗಟ್ಟಿಯಾಗಿತ್ತು. ಬಸ್ ಸ್ಟ್ಯಾಂಡಲ್ಲಿ ನನ್ನ ಕೈ ಹಿಡಿದು ಅತ್ತಿತು. ನಾನೂ ಅತ್ತೆ. ವಾಚ್‌ಮನ್ ಮಾತ್ರ ಅವತ್ತಿನಿಂದ ಆ ಕೋಲು ಬಿಟ್ಟು ಡ್ಯೂಟಿಗೇ ಬರಲ್ಲ.

ಬೆನ್ನು ತಿರುಗಿಸಿ

ತಿಂಗಳು ತುಂಬುವ ಹಿಂದಿನ ದಿನ ಹಾಸ್ಟೆಲ್ ಫೋನಿಂದ ಹುಡುಗಿ ಮಾತಾಡಿದಳು. "ಮೇಡಂ, ಪಾಠ ಈಗೀಗ ಅರ್ಥ ಆಯ್ತೈತೆ. ನಂಗೆ ವಾಪಸ್ ಹೋಗಾಕಿಷ್ಟ ಇಲ್ಲ. ನಾಳೆ ಪ್ರಿನ್ಸಿಪಾಲ್ ಮೇಡಂ ಹತ್ರ ಬಂದಾಗ ಸುಮ್ಕೆ ಒಂದ್ಸಲ ಕೆಮ್ಮಲಾ?"

ದೇವರಾಣೆ, ಕೆಮ್ಮು ಅಂತ ಹೇಳೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳೇ "ಬ್ಯಾಡ ಬಿಡಿ, ಅಜ್ಜಿಗೆ ಗೊತ್ತಾಗಿಬುಡ್ತದೆ" ಅಂದಳು.

ಮರುದಿನ ಮೈದಾನದಲ್ಲಿ ಬೆನ್ನು ತಿರುಗಿಸಿ ನಿಂತ ನಾಲ್ಕು ನೂರು ಹುಡುಗಿಯರು. ಒಂದೇ ಯೂನಿಫಾರಮ್ಮು, ಎರಡೆರಡು ಜಡೆ, ಒಂದೇ ಬಣ್ಣದ ಟೇಪು. ಮೂರು ವರ್ಷ ಪಾಠ ಹೇಳಿದ ನನಗೇ ಗುರುತು ಹತ್ತಲಿಲ್ಲ. ಪ್ರಿನ್ಸಿಪಾಲರು ಸಾಲಿಂದ ಸಾಲಿಗೆ ನಡೆದರು. ಒಂದು ಸಾಲಲ್ಲಿ ನಿಂತರು, ಮುಂದೆ ಹೋದರು. ಮತ್ತೆ ಹಿಂದಕ್ಕೆ ಬಂದು ಒಬ್ಬಳ ಹೆಗಲ ಮೇಲೆ ಕೈ ಇಟ್ಟರು.

"ಈ ಅಮ್ಮಾಯೇ! ಇದೇ ಹುಡುಗಿ!"

ಹುಡುಗಿ ತಿರುಗಿದಳು. ಅವಳೇ! ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ಹೆಂಗೆ ಗೊತ್ತಾಯ್ತು?" ಅಂತು ಅಜ್ಜಿ.

"ದಿನಾ ಪ್ರೇಯರಲ್ಲಿ ನೋಡ್ತಿದ್ದೆ. ಹೊತ್ತಾದರೆ ಎಲ್ಲರೂ ಒದ್ದಾಡ್ತಾರೆ. ಇವಳೊಬ್ಬಳೇ ಒಂದು ಕಾಲು ಎತ್ತಿ ಇನ್ನೊಂದು ಮಂಡಿಗೆ ಒತ್ತಿಕೊಂಡು ಅಲ್ಲಾಡದೆ ನಿಲ್ಲೋದು. ಕೈಯಲ್ಲಿ ಕೋಲು ಇದ್ದ ಹಾಗೆ."

ಅಜ್ಜಿಯ ಕಣ್ಣು ತುಂಬಿತು. ತಾನೂ ಸಾಲುಗಳ ಮಧ್ಯೆ ಹೊರಟಿತು. ಒಬ್ಬಳ ಮುಂದೆ ನಿಂತು "ಇವ್ಳು ನೆನ್ನೆಯಿಂದ ಉಂಡಿಲ್ಲ" ಅಂತು. ಆ ಹುಡುಗಿ ಗೊಳೋ ಅಂತ ಅಳೋಕೆ ಶುರು ಮಾಡಿದಳು, ಮನೆ ನೆನಪಾಗಿ ಊಟ ಬಿಟ್ಟಿದ್ದಳಂತೆ. ಇನ್ನೊಬ್ಬಳನ್ನ ತೋರಿಸಿ "ಇವ್ಳಿಗೆ ಜ್ವರ ಬತ್ತೈತೆ" ಅಂತು. ಮುಟ್ಟಿ ನೋಡಿದರೆ ಮೈ ಬಿಸಿ. ನಾಲ್ಕು ನೂರು ಮಕ್ಕಳೂ ತಿರುಗಿ ನೋಡ್ತಿದ್ದರು. ಅಷ್ಟೆಲ್ಲಾ ಓದಿದ ನಾವು ಲೆಕ್ಚರರುಗಳು, ಮೇಡಮ್ಮುಗಳು ಆ ಅಜ್ಜಿಯ ಹಿಂದೆ ಬಾಯಿ ಬಿಟ್ಟುಕೊಂಡು ನಡೀತಿದ್ದೆವು.

ಪ್ರಿನ್ಸಿಪಾಲರು ಕೈ ಮುಗಿದರು. "ಅವ್ವಾ, ಮೊಮ್ಮಗಳು ಇಲ್ಲೇ ಓದಲಿ. ನೀವು ತಿಂಗಳಿಗೊಂದು ಸಲ ಬಂದು ಹೀಗೇ ನೋಡಿಹೋಗಬೇಕು."

"ಓದ್ಲಿ. ನಾನೂ ಬತ್ತೀನಿ," ಅಂತು ಅಜ್ಜಿ, ಸೆರಗಿಂದ ಕಣ್ಣು ಒರೆಸಿಕೊಂಡು. "ಮಕ್ಕಳನ್ನ ನೋಡಿದ್ದಾಯ್ತು. ಮುಂದಿನ ತಿಂಗ್ಳು ಪಾಠ ಹೇಳೋರನ್ನ ಸಾಲಾಗಿ ನಿಲ್ಸು. ಹಲ್ಲು ನೋಡ್ಬೇಕು."

ಪ್ರಿನ್ಸಿಪಾಲರು ತಟ್ಟನೆ ಬಾಯಿ ಮುಚ್ಚಿಕೊಂಡರು. ನಾನಂತೂ ಮೊದಲೇ ಮುಚ್ಚಿಕೊಂಡಿದ್ದೆ.