ಕೈ ಎತ್ತಿದ ರಟ್ಟುಗಳು

ಚಿತ್ರಕಲಾ ಶಿಕ್ಷಕರು ಒಂಟಿಯಾಗಿರತಕ್ಕದ್ದಲ್ಲ ಎಂದು ಗುಡ್ಡಗಾಡು ಕಲಾ ಬೆಂಬಲ ಘಟಕವು ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿಯ ಜೂನ್ ತಿಂಗಳಲ್ಲಿ ತೀರ್ಮಾನಿಸಿತು. ಈ ಉದ್ದೇಶಕ್ಕಾಗಿ ಘಟಕಕ್ಕೆ ಸಕಲೇಶಪುರದ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ ಎರಡು ಕೋಣೆ, ಒಂದು ಜೀಪು, ಒಬ್ಬ ಬೆಂಬಲಾಧಿಕಾರಿ ಹಾಗೂ ಒಂದು ದುಂಡು ಮೊಹರು ಮಂಜೂರಾದವು. ಘಟಕದ ವ್ಯಾಪ್ತಿಗೆ ಹದಿನಾಲ್ಕು ಹೈಸ್ಕೂಲುಗಳು ಬರುತ್ತಿದ್ದವು. ಆ ಹದಿನಾಲ್ಕರಲ್ಲಿ ಚಿತ್ರಕಲಾ ಶಿಕ್ಷಕರೆಂದು ಇದ್ದವರು ಬೆಳಗೋಡಿನ ಕಡೆಯ ಗಂಗಾಮಣಿ ಮೇಡಂ ಒಬ್ಬರೇ. ಮಿಕ್ಕ ಹದಿಮೂರು ಹುದ್ದೆಗಳು ಖಾಲಿ ಬಿದ್ದಿದ್ದವು. ಅವನ್ನು ತುಂಬುವುದು ಘಟಕದ ಕೆಲಸವಲ್ಲ. ಅದರ ಕೆಲಸ ಬೆಂಬಲಿಸುವುದು.

ಗಂಗಾಮಣಿ ಮೇಡಂ ಇಪ್ಪತ್ತಮೂರು ವರ್ಷದಿಂದ ಗಂಜಿ ಹಾಕಿದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಪೆನ್ಸಿಲನ್ನು ಬ್ಲೇಡಿನಿಂದಲೇ ಹೆರೆಯುತ್ತಿದ್ದರು. ಮೆಂಡರ್ ತಂದ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ತಪ್ಪು ಗೆರೆಗೆ ರಬ್ಬರ್ ಇದೆ, ತಪ್ಪು ಮಾತಿಗೆ ಇಲ್ಲ ಎಂಬುದು ಅವರ ಮೊದಲ ಪಾಠ. ಆದ್ದರಿಂದ ಅವರು ಬರೆದ ಕಾಗದದಲ್ಲಿ ಸುಳ್ಳಿನ ಒಂದು ಅಕ್ಷರವೂ ಇರುತ್ತಿರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಈ ಗುಣವೇ ಆಧಾರವಾದ್ದರಿಂದ ಇದನ್ನು ಇಲ್ಲಿ ನಮೂದಿಸಲಾಗಿದೆ.

ಮೇಡಂಗೆ ಬೇಕಾಗಿದ್ದ ಬೆಂಬಲ ಒಂದೇ. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಬರೆಯಲು ಅವರ ಮಕ್ಕಳು ಹಾಸನಕ್ಕೆ ಹೋಗಬೇಕಾಗಿತ್ತು. ಪರೀಕ್ಷೆ ಎರಡು ದಿನ, ಬೆಳಿಗ್ಗೆ ಒಂಬತ್ತಕ್ಕೆ ಶುರು. ಎಸ್ಟೇಟಿನ ಕೂಲಿ ಲೈನುಗಳ ಮಕ್ಕಳು, ಬಿಸಿಲೆ ಘಾಟಿಯ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದವರು, ಎಲ್ಲ ಮೊದಲ ಬಸ್ಸು ಹತ್ತಿದರೂ ಮುಟ್ಟುವಾಗ ಒಂಬತ್ತೂ ಮುಕ್ಕಾಲು. ಹಿಂದಿನ ವರ್ಷ ಹೋದ ಒಂಬತ್ತು ಮಕ್ಕಳು ಹೂಜಿಯ ಒಂದು ಮಗ್ಗುಲನ್ನು ಬರೆದು ಇನ್ನೊಂದಕ್ಕೆ ತಿರುಗುವಾಗ ಗಂಟೆ ಹೊಡೆದಿತ್ತು. ಒಂಬತ್ತೂ ಮಕ್ಕಳು ಫೇಲು.

ಈ ಸಲ ಹನ್ನೊಂದು ಮಂದಿಯಿದ್ದರು. ಅವರಲ್ಲಿ ಒಂಬತ್ತನೇ ಕ್ಲಾಸಿನ ರುಬೀನಾ ಒಬ್ಬಳು. ಬಸ್ಸಿಗೆ ಕಾಯುವಾಗಲೂ ಕಡ್ಡಿ ಹಿಡಿದು ನೆಲದ ಮೇಲೆ ಎದುರಿಗಿದ್ದವರ ಮೂಗು ತಿದ್ದುವ ಹುಡುಗಿ. ಈಕೆ ಲೋಯರ್ ಪಾಸಾಗಿ, ಹೈಯರ್ ಪಾಸಾಗಿ, ಮುಂದೆ ಟ್ರೈನಿಂಗ್ ಮುಗಿಸಿದರೆ ಈ ಗುಡ್ಡಗಳಲ್ಲಿ ಎರಡನೆಯ ಡ್ರಾಯಿಂಗ್ ಟೀಚರ್ ಒಬ್ಬಳು ಇರುತ್ತಾಳೆ ಎಂದು ಮೇಡಂ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರು. ಯಾರಿಗೂ ಹೇಳಿರಲಿಲ್ಲ. ಮುಗಿಯದ ಚಿತ್ರವನ್ನು ತೋರಿಸುವ ಅಭ್ಯಾಸ ಅವರಿಗಿರಲಿಲ್ಲ.

ರುಬೀನಾಳ ತಂದೆ ಅಬ್ದುಲ್ ವಹಾಬ್ ಕಾಫಿ ಮೂಟೆಯ ಲಾರಿ ಓಡಿಸುತ್ತಿದ್ದ. ಅವನು ಶಾಲೆಗೇ ಬಂದು ಹೇಳಿದ: "ಹಿಂದಿನ್ ದಿನ ಹೋಗಿ ಹಾಸನ್ದಲ್ಲಿ ಉಳ್ಕೊಳ್ಳೋದು ಮಾತ್ರ ಆಗಲ್ಲ ಮೇಡಂ. ಅವಳ ತಾಯಿ ಒಪ್ಪಲ್ಲ. ಇಲ್ಲೇ ಪರೀಕ್ಷೆ ಇಡ್ಸಿ. ಹನ್ನೊಂದು ಮಕ್ಳನ್ನೂ ನಾನೇ ಲಾರೀಲಿ ತಂದು ಗೇಟತ್ರ ಬುಡ್ತೀನಿ, ಒಂದು ಮೂಟೆ ಕಮ್ಮಿ ಆಗ್ದಂಗೆ."

ಮೇಡಂ ತಮ್ಮ ಶಾಲೆಗೇ ಪರೀಕ್ಷಾ ಕೇಂದ್ರ ಕೋರಿ ಅರ್ಜಿ ಬರೆದರು. ಎಂಟೇ ದಿನದಲ್ಲಿ ಘಟಕದಿಂದ ಉತ್ತರ ಬಂತು:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪರೀಕ್ಷಾ ಕೇಂದ್ರಕ್ಕೆ ಚಿತ್ರಕಲಾ ಶಿಕ್ಷಕರ ಪರಸ್ಪರ ಬೆಂಬಲ ವೇದಿಕೆಯ ಠರಾವು ಅವಶ್ಯ. ವೇದಿಕೆಯು ಪ್ರತಿ ಶನಿವಾರ ಮಧ್ಯಾಹ್ನ ಸಭೆ ಸೇರತಕ್ಕದ್ದು. ಕೋರಂ ಐದು. ಸದಸ್ಯರು ತಮ್ಮ ಏಕಾಂಗಿತನವನ್ನು ಪರಸ್ಪರ ಹಂಚಿಕೊಳ್ಳತಕ್ಕದ್ದು."

ಶನಿವಾರ ಮಧ್ಯಾಹ್ನ ಮೇಡಂ ಪರೀಕ್ಷೆಯ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದ ಹೊತ್ತು. ಅಭ್ಯಾಸ ನಿಲ್ಲಿಸಿ, ಆಟದ ಸಾಮಾನಿನ ಕೋಣೆಯಲ್ಲಿ ಐದು ಕುರ್ಚಿ ಹಾಕಿಸಿ, ಒಂದರಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಒಂದು ಗಂಟೆ ಕಾಲ ತಮ್ಮ ಏಕಾಂಗಿತನವನ್ನು ಹಂಚಿಕೊಂಡರು. ಆಮೇಲೆ ನಡಾವಳಿ ಬರೆದರು: "ಹಾಜರು: ಒಬ್ಬರು. ಗೈರುಹಾಜರು: ಯಾರೂ ಇಲ್ಲ. ಮಿಕ್ಕವರನ್ನು ಇನ್ನೂ ನೇಮಿಸಿಲ್ಲ."

ಅದು ಆಕ್ಷೇಪಣೆಯೊಂದಿಗೆ ಹಿಂದಿರುಗಿತು. ಮೇಡಂ ಬಸ್ಸು ಹತ್ತಿ ಸಕಲೇಶಪುರದ ಮಹಡಿಗೆ ಹೋದರು. ಬೆಂಬಲಾಧಿಕಾರಿ ರವಿಚಂದ್ರ ಎದ್ದು ನಿಂತು ಕುರ್ಚಿ ಕೊಟ್ಟರು. ಮಾತು ಬಲು ಮೃದು.

"ಒಬ್ಬರೇ ಸಭೆ ಮಾಡಿದ್ರೆ ಅದನ್ನ ಸಭೆ ಅನ್ನಲ್ಲ ಮೇಡಂ, ಚಿಂತೆ ಅಂತಾರೆ. ಐದು ತಲೆ ತೋರಿಸಿ, ಸಾಕು."

"ತಲೆ ಎಲ್ಲಿಂದ ತರಲಿ ಸಾರ್?"

"ನೀವು ಡ್ರಾಯಿಂಗ್ ಟೀಚರ್ ತಾನೆ? ಅದನ್ನ ನನ್ನನ್ನ ಕೇಳ್ತೀರಲ್ಲ!"

ಅದು ಹಾಸ್ಯವೋ ಆದೇಶವೋ ಮೇಡಂಗೆ ತಿಳಿಯಲಿಲ್ಲ. ಅಧಿಕಾರಿಗಳು ಹಾಸ್ಯ ಮಾಡುವುದಿಲ್ಲ ಎಂದು ಅವರ ನಂಬಿಕೆಯಾದ್ದರಿಂದ ಆದೇಶವೆಂದೇ ತೆಗೆದುಕೊಂಡರು.

ಆ ವರ್ಷ ಶಾಲೆಯಲ್ಲಿ ಮತಗಟ್ಟೆ ನಡೆಸಿದವರು ಮತದಾರರಿಗೆ ಮರೆಯಾಗಿ ನಿಲ್ಲಿಸುವ ದಪ್ಪ ರಟ್ಟುಗಳನ್ನು ಅಲ್ಲೇ ಬಿಟ್ಟುಹೋಗಿದ್ದರು. ಪ್ಯೂನ್ ಕೆಂಚಯ್ಯ ಅವನ್ನು ಧೂಳು ಒರೆಸಿ ತಂದುಕೊಟ್ಟ. ಮೇಡಂ ಒಂದು ವಾರ ಕೂತು ನಾಲ್ವರನ್ನು ಬರೆದರು: ಮೀಸೆಯ ಮೇಷ್ಟ್ರು, ಕನ್ನಡಕದ ಮೇಷ್ಟ್ರು, ಶಾಲು ಹೊದ್ದ ಹಿರಿಯರು, ಉದ್ದ ಜಡೆಯ ಟೀಚರು. ಬಣ್ಣ ಸಾಲದೆಂದು ಎದೆಯ ಮಟ್ಟಕ್ಕೇ ನಿಲ್ಲಿಸಿದರು. ಆದರೆ ಬರೆದಷ್ಟನ್ನು ಅಚ್ಚುಕಟ್ಟಾಗಿ ಬರೆದಿದ್ದರು. ಜಡೆಯ ಟೀಚರಿಗೆ ನೆಗಡಿಯಾಗಿದೆ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ಕೆಂಚಯ್ಯ ಕೈ ಮುಗಿದ. "ಮೀಸೆ ಮೇಷ್ಟ್ರು ಮಗ್ಗೆ ಕಡೇವ್ರಂಗೆ ಕಾಣ್ತಾರೆ ಕಣ್ರಮ್ಮ. ಇವ್ರಿಗೂ ಕಾಫಿ ತರ್ಬೇಕಾ?"

"ತನ್ನಿ. ಐದು ಲೋಟ ಅಂತ ನಿಯಮ ಇದೆ."

ಆ ವಾರದ ನಡಾವಳಿಯಲ್ಲಿ ಮೇಡಂ ತಮ್ಮ ದುಂಡು ಅಕ್ಷರದಲ್ಲಿ ಹೀಗೆ ಬರೆದರು: "ಹಾಜರು: ನಾನು, ಹಾಗೂ ನಾನೇ ರಟ್ಟಿನ ಮೇಲೆ ಬರೆದ ನಾಲ್ವರು." ಇದನ್ನು ಓದಿ ತಮ್ಮನ್ನು ಅಮಾನತು ಮಾಡುತ್ತಾರೆ ಎಂದುಕೊಂಡು ಮನೆಯಲ್ಲಿ ಅಕ್ಕಿ ಒಂದು ಮೂಟೆ ಹೆಚ್ಚಾಗಿಯೇ ತರಿಸಿಟ್ಟರು. ಘಟಕದಿಂದ ಉತ್ತರ ಬಂತು: "ಹಾಜರಾತಿ ಶೇಕಡಾ ನೂರು. ತೃಪ್ತಿಕರ. ಬೆಂಬಲಾಧಿಕಾರಿಯವರು ಮುಂದಿನ ಸಭೆಗೆ ಖುದ್ದು ಬರುವರು."

ರವಿಚಂದ್ರ ಸಾಹೇಬರು ಜೀಪಿನಲ್ಲಿ ಐದು ಬೆಂಬಲ ಪೆಟ್ಟಿಗೆಗಳೊಂದಿಗೆ ಬಂದರು. ಒಂದೊಂದರಲ್ಲೂ ಬಣ್ಣ, ಕುಂಚ, ನೂರು ಹಾಳೆ ಡ್ರಾಯಿಂಗ್ ಪೇಪರ್. ಸಾಹೇಬರು ರಟ್ಟುಗಳ ಎದುರು ಕುಳಿತು, ಹತ್ತಿರ ಬಗ್ಗಿ ನೋಡಿ, ತಲೆದೂಗಿದರು.

"ಎಷ್ಟು ಶಿಸ್ತು! ಒಬ್ಬರಾದರೂ ಪ್ರಯಾಣಭತ್ಯೆ ಕೇಳಿದ್ರಾ? ರಜೆ ಕೇಳಿದ್ರಾ? ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇಂಥ ಶಿಕ್ಷಕರನ್ನ ನಾನು ಕಂಡಿಲ್ಲ ಮೇಡಂ."

"ಅವು ರಟ್ಟು ಸಾರ್," ಎಂದರು ಮೇಡಂ. ಹೇಳದೆ ಇರುವುದು ಅವರಿಂದಾಗಲಿಲ್ಲ.

"ನಡಾವಳೀಲಿ ಬರ್ದಿದೀರಲ್ಲ, ಓದಿದೀನಿ. ಸದಸ್ಯರು ಉಸಿರಾಡತಕ್ಕದ್ದು ಅಂತ ನಿಯಮದಲ್ಲಿ ಎಲ್ಲಿದೆ ತೋರಿಸಿ."

ಎಲ್ಲೂ ಇರಲಿಲ್ಲ. ಸಾಹೇಬರು ಮೊದಲ ಠರಾವು ಮಂಡಿಸಿದರು: ನಾಲ್ವರು ಸದಸ್ಯರು ಪೆಟ್ಟಿಗೆಗೆ ಸಹಿ ಹಾಕಿ ಪಡೆಯುವ ಸ್ಥಿತಿಯಲ್ಲಿಲ್ಲವಾದ್ದರಿಂದ, ನಾಲ್ಕು ಪೆಟ್ಟಿಗೆಗಳನ್ನು ಪೇಟೆಯಲ್ಲಿರುವ ತಮ್ಮ ನಾದಿನಿಯ ಸ್ಟೇಷನರಿ ಅಂಗಡಿಯಲ್ಲಿ ಸುರಕ್ಷಿತವಾಗಿ ಇಡತಕ್ಕದ್ದು. ಮೇಡಂ ಆಕ್ಷೇಪಿಸಿದರು. ಮಿಕ್ಕ ನಾಲ್ವರು ಮೌನವಾಗಿದ್ದರು. ಮೌನವೇ ಸಮ್ಮತಿ ಎಂದು ಸಾಹೇಬರು ಠರಾವನ್ನು ಅಂಗೀಕರಿಸಿದರು.

ಅನಂತರ ಮೇಡಂ ತಮ್ಮ ಪರೀಕ್ಷಾ ಕೇಂದ್ರದ ಠರಾವನ್ನು ಮಂಡಿಸಿ ಕೈ ಎತ್ತಿದರು. ಮಿಕ್ಕ ನಾಲ್ವರು ಈಗಲೂ ಮೌನವಾಗಿದ್ದರು.

"ಬಿದ್ದುಹೋಯ್ತಲ್ಲ ಮೇಡಂ," ಎಂದು ಸಾಹೇಬರು ವ್ಯಥೆಪಟ್ಟರು.

"ಈಗ ತಾನೆ ಮೌನವೇ ಸಮ್ಮತಿ ಅಂದಿರಿ!"

"ಅದು ಕಚೇರಿಯ ಠರಾವಿಗೆ. ಸದಸ್ಯರ ಠರಾವಿಗೆ ಕೈ ಎತ್ತತಕ್ಕದ್ದು. ನಿಯಮ ಏಳು, ಉಪನಿಯಮ ಎರಡು."

ಜೀಪು ಹೋದ ಮೇಲೆ ಮೇಡಂ ಕೋಣೆಯಲ್ಲೇ ಕುಳಿತಿದ್ದರು. ಐದು ಲೋಟಗಳನ್ನು ತೆಗೆಯಲು ಬಂದ ಕೆಂಚಯ್ಯ ನಾಲ್ವರನ್ನೂ ದಿಟ್ಟಿಸಿದ. "ಅಲ್ಲ ಕಣ್ರಮ್ಮ, ಅವ್ರನ್ನ ಬೈದು ಏನ್ ಬಂತು? ಎತ್ತಕ್ಕೆ ಕೈಯೇ ಇಲ್ವಲ್ಲ ಪಾಪ."

ಮೇಡಂ ತಲೆಯೆತ್ತಿ ಅವನನ್ನು ನೋಡಿದರು. ಆ ದಿನ ಅವನಿಗೆ ಅವರು "ಥ್ಯಾಂಕ್ಸ್" ಅಂದರಂತೆ. ಆ ಶಾಲೆಯಲ್ಲಿ ಯಾರಿಗಾದರೂ ಅವರು ಹಾಗಂದದ್ದು ಅದೇ ಮೊದಲು.

ತಮ್ಮ ಪಾಲಿಗೆ ಬಂದ ಒಂದು ಪೆಟ್ಟಿಗೆಯ ಬಣ್ಣ ಮಕ್ಕಳದ್ದು. ಅದನ್ನು ಅವರು ಮುಟ್ಟಲಿಲ್ಲ. ನಾಲ್ವರು ಕುಡಿಯದೆ ಬಿಟ್ಟ ಕಾಫಿ ಲೋಟದಲ್ಲೇ ಇತ್ತು. ಅದಕ್ಕೆ ಕೆಂಚಯ್ಯ ಗಟ್ಟಿ ಡಿಕಾಕ್ಷನ್ ಬೆರೆಸಿಕೊಟ್ಟ. ಒಂದು ಪದರ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ ಎಳೆದು ಮೇಡಂ ನಾಲ್ಕು ಬಲಗೈಗಳನ್ನು ಬರೆದರು. ಮೈಗೂ ಕೈಗೂ ಬಣ್ಣ ಕೊಂಚ ಬೇರೆಯಾಯಿತು. ಬಿಸಿಲಿನಲ್ಲಿ ಕೆಲಸ ಮಾಡಿದವರ ಕೈ ಹಾಗೇ ಇರುತ್ತದೆ ಎಂದು ಕೆಂಚಯ್ಯ ಸಮಾಧಾನ ಹೇಳಿದ.

ಮುಂದಿನ ಶನಿವಾರ ಮೇಡಂ ಠರಾವು ಮಂಡಿಸಿದಾಗ ಐದು ಕೈಗಳು ಮೇಲಿದ್ದವು. ಸಾಹೇಬರು ಬೆರಳು ಮಡಚುತ್ತ ಎಣಿಸಿದರು. ಪುನಃ ಎಣಿಸಿದರು. "ಸರ್ವಾನುಮತ!" ಎಂದು ಮೊಹರು ಒತ್ತಿದರು. ಪರೀಕ್ಷಾ ಕೇಂದ್ರ ಮಂಜೂರಾಯಿತು. ಮೇಡಂ ಕೈ ಇಳಿಸಿ, ಕರ್ಚೀಫಿನಿಂದ ಹಣೆ ಒತ್ತಿಕೊಂಡರು.

ಮಿಕ್ಕ ನಾಲ್ವರು ಕೈ ಇಳಿಸಲಿಲ್ಲ.

ಸಾಹೇಬರು ಆ ಕೈಗಳನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ದೇವರ ದರ್ಶನವಾದವರ ಕಳೆ ಬಂತು. ಅಲ್ಲೇ ಹಾಳೆ ತರಿಸಿ ಒಂದಾದ ಮೇಲೊಂದು ಠರಾವು ಮಂಡಿಸಿದರು. ಘಟಕದ ಜೀಪನ್ನು ಭಾನುವಾರಗಳಂದು ಸಾಹೇಬರ ಕುಟುಂಬದ ಕಲಾವೀಕ್ಷಣೆಗೆ ಬಳಸುವುದು: ನಾಲ್ಕು ಕೈ, ಅಂಗೀಕಾರ. ಅಂಗಡಿಯಲ್ಲಿರುವ ಪೆಟ್ಟಿಗೆಗಳಿಗೆ ಗೆದ್ದಲು ಹಿಡಿಯದಂತೆ ಅವುಗಳನ್ನು ಮಾರಾಟ ಮಾಡುವುದು: ನಾಲ್ಕು ಕೈ, ಅಂಗೀಕಾರ. ಚಿತ್ರಕಲಾ ಶಿಕ್ಷಕರ ಖಾಲಿ ಹುದ್ದೆಗಳಿಂದ ಯಾರಿಗೂ ತೊಂದರೆಯಿಲ್ಲ ಎಂದು ಚಿತ್ರಕಲಾ ಶಿಕ್ಷಕರೇ ಬರೆದುಕೊಡುವುದು: ನಾಲ್ಕು ಕೈ, ಅಂಗೀಕಾರ.

ಮೇಡಂ ಎರಡು ಕೈಗಳನ್ನೂ ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡಿದ್ದರು.

"ಐದರಲ್ಲಿ ಒಂದು ಕೈ ಕೆಳಗಿದ್ರೆ ನೋಡೋಕೆ ಚೆನ್ನಾಗಿರಲ್ಲ ಮೇಡಂ," ಎಂದರು ಸಾಹೇಬರು, ಬೇಸರವಿಲ್ಲದೆ. "ತಮಗೆ ವಾರ ವಾರ ಸಭೆ ಅಂದ್ರೆ ಶ್ರಮ. ಶಿಕ್ಷಕರ ಶ್ರಮ ತಪ್ಪಿಸೋದೇ ಬೆಂಬಲ. ತಮ್ಮದೂ ಒಂದು ಬರೆದುಬಿಡಿ."

ಆದೇಶ ಬರಹದಲ್ಲಿಯೇ ಬಂತು. ಮೇಡಂ ಐದನೆಯ ರಟ್ಟು ತರಿಸಿ, ಕನ್ನಡಿ ಎದುರಿಟ್ಟುಕೊಂಡು ತಮ್ಮನ್ನು ಬರೆದರು. ಗಂಜಿಯ ಸೀರೆ, ಸೆರಗಿನ ಪಿನ್ನು, ಮಡಿಲಲ್ಲಿ ಒಂದರ ಮೇಲೊಂದಿಟ್ಟ ಎರಡು ಕೈ. ಕೈ ಎತ್ತಿಸಿ ಬರೆಯಿರೆಂದು ಹೆಡ್‌ಮಾಸ್ಟರು ಸೂಚಿಸಿದಾಗ, "ನಾನು ಎದುರಿಗೆ ಕಂಡದ್ದನ್ನು ಬರೀತೀನಿ ಸಾರ್," ಎಂದರು. ಅಂದಿನಿಂದ ಘಟಕದ ಠರಾವುಗಳೆಲ್ಲ ಐದರಲ್ಲಿ ನಾಲ್ಕರ ಬಹುಮತದಿಂದ ಅಂಗೀಕಾರವಾದವು. ಅಷ್ಟಿಷ್ಟು ಭಿನ್ನಾಭಿಪ್ರಾಯವಿದ್ದರೆ ವೇದಿಕೆ ಜೀವಂತವಾಗಿದೆ ಎಂದು ಮೇಲಿನವರು ಮೆಚ್ಚಿ ಬರೆದರು.

ಒಳಗೆ ಸಭೆ ನಡೆಯುತ್ತಿದ್ದ ಶನಿವಾರಗಳಲ್ಲಿ ಮೇಡಂ ಹೊರಗಿನ ಜಗಲಿಯಲ್ಲಿ ಹನ್ನೊಂದು ಮಕ್ಕಳಿಗೆ ಅಭ್ಯಾಸ ಮಾಡಿಸಿದರು. ಹೂಜಿಯ ಎರಡೂ ಮಗ್ಗುಲು ಸಮನಾಗುವವರೆಗೆ ಯಾರನ್ನೂ ಮನೆಗೆ ಬಿಡಲಿಲ್ಲ. ಒಮ್ಮೆ ಅಬ್ದುಲ್ ವಹಾಬ್ ಮಗಳಿಗೆಂದು ಪೇಟೆಯಿಂದ ಹೊಸ ಬಣ್ಣದ ಪೆಟ್ಟಿಗೆ ತಂದ.

"ದುಡ್ಡು ಕೊಟ್ಟೇ ತಂದೆ ಮೇಡಂ. ಮುಚ್ಚಳದ ಮೇಲೆ ಯಾರ್ದೋ ಮೊಹರು ಐತೆ. ‘ಉಚಿತ’ ಅಂತಾನೂ ಬರ್ದೈತೆ. ಅಂಗಡಿಯಮ್ಮನ್ನ ಕೇಳಿದ್ರೆ ಅದು ಕಂಪ್ನಿ ಹೆಸರು ಅಂದ್ಲು."

ನವೆಂಬರಿನಲ್ಲಿ ಪರೀಕ್ಷೆ ಆ ಶಾಲೆಯಲ್ಲೇ ನಡೆಯಿತು. ಲಾರಿ ಎಂಟೂವರೆಗೇ ಗೇಟಿನ ಹತ್ತಿರ ನಿಂತಿತು. ಎರಡನೆಯ ದಿನ, ನೋಡಿದ್ದನ್ನು ನೆನಪಿನಿಂದ ಬರೆಯುವ ಪತ್ರಿಕೆ. ಪ್ರಶ್ನೆ ಹೀಗಿತ್ತು: "ನಿಮ್ಮ ಊರಿನಲ್ಲಿ ನೀವು ಕಂಡ ಒಂದು ಸಭೆ." ಮಕ್ಕಳು ಕಂಡಿದ್ದ ಸಭೆ ಒಂದೇ. ಹನ್ನೊಂದು ಮಂದಿಯೂ ಐದು ಕುರ್ಚಿಗಳ ಮೇಲೆ ಐದು ರಟ್ಟುಗಳನ್ನು ಬರೆದರು. ನಾಲ್ಕರದ್ದು ಕೈ ಮೇಲೆ, ಒಂದರದ್ದು ಮಡಿಲಲ್ಲಿ, ಮುಂದೆ ಆರಿದ ಕಾಫಿಯ ಐದು ಲೋಟ.

ಪರೀಕ್ಷಕರಿಗೆ ಯಾವ ಸಂಶಯವೂ ಬರಲಿಲ್ಲ. "ಸಭೆಯ ನೈಜ ಚಿತ್ರಣ" ಎಂದು ಷರಾ ಬರೆದರು. ಹನ್ನೊಂದು ಮಕ್ಕಳೂ ಪಾಸು. ಹತ್ತು ಮಂದಿಗೆ ಆ ಪತ್ರಿಕೆಯಲ್ಲಿ ಪೂರ್ಣ ಅಂಕ. ರುಬೀನಾಳಿಗೆ ಮಾತ್ರ ಎರಡು ಅಂಕ ಕಡಿಮೆ. ಅವಳು ರಟ್ಟುಗಳ ಹಿಂದಿನ ಕಿಟಕಿಯಾಚೆ, ಜಗಲಿಯಲ್ಲಿ, ಮಗುವೊಂದರ ಹಾಳೆಯ ಮೇಲೆ ಬಗ್ಗಿ ಪೆನ್ಸಿಲ್ ಹಿಡಿದ ಒಬ್ಬ ಹೆಂಗಸನ್ನೂ ಬರೆದಿದ್ದಳು. ಷರಾ ಹೀಗಿತ್ತು: "ಸಭೆಗೆ ಸಂಬಂಧವಿಲ್ಲದ ಜೀವಂತ ವ್ಯಕ್ತಿಯನ್ನು ಅನವಶ್ಯಕವಾಗಿ ಸೇರಿಸಲಾಗಿದೆ."

ರುಬೀನಾ ಅಂಕಪಟ್ಟಿ ಹಿಡಿದು ಬಂದಳು. "ಮಿಸ್, ಅದು ನೀವೇ ಮಿಸ್."

ಗಂಗಾಮಣಿ ಮೇಡಂ ಷರಾವನ್ನು ಎರಡು ಸಲ ಓದಿದರು. ತಪ್ಪು ಹುಡುಕಿದರು, ಸಿಗಲಿಲ್ಲ.

"ಪ್ರಶ್ನೆ ಸರಿಯಾಗಿ ಓದಬೇಕು ಅಂತ ಎಷ್ಟು ಸಲ ಹೇಳಿದೀನಿ?" ಎಂದರು. "ಸಭೆ ಕೇಳಿದ್ರೆ ಸಭೆ ಬರೀಬೇಕು. ಹೋಗು, ಪೆನ್ಸಿಲ್ ಹೆರ್ಕೊಂಡು ಬಾ. ಹೈಯರ್‌ಗೆ ಇವತ್ತೇ ಶುರು ಮಾಡೋಣ."